ಹಸಿರಿಗೂ ನೀಲಿಗೂ ನಡುವೆ ರೇಣುಕಯ್ಯನ ಬಸ್ಸು

ಮಧುಗಿರಿ
2 ಜುಲೈ 2025

ಗುಲ್ಷನ್,

ಈ ಕಾಗದವನ್ನು ಗಿಳಿಹಸಿರು ಬ್ಲೌಸ್ ಪೀಸಿನ ಮಡಿಕೆಯೊಳಗೆ ಪಿನ್ ಮಾಡಿ ಕಳಿಸುತ್ತಿದ್ದೇನೆ. ಕಂಡಕ್ಟರ್ ರೇಣುಕಯ್ಯ ನಮ್ಮ ಬಟ್ಟೆ ಗಂಟನ್ನು ಡ್ರೈವರ್ ಸೀಟಿನ ಹಿಂದೆ ಇಟ್ಟುಕೊಂಡು ಶಿರಾಕ್ಕೆ ತರುವುದು ಹೊಸದೇನಲ್ಲ, ಗಂಟಿನೊಳಗೆ ಕಾಗದ ಇರುವುದು ಮಾತ್ರ ಹೊಸದು. ಪಿನ್ನು ಕೈಗೆ ಚುಚ್ಚಿದರೆ ಚುಚ್ಚಲಿ. ನನಗೆ ಚುಚ್ಚಿದ್ದರ ಮುಂದೆ ಅದೇನು ಮಹಾ.

ಶುಕ್ರವಾರ ಈ ಪೀಸಿನ ಡಿಸೈನಿನ ಫೋಟೋ ಕಳಿಸಿದೆ. ಒಂದೇ ಗೀಟು ಬಂತು, ನಿನಗೆ ತಲುಪಿಲ್ಲ ಅಂತ. ಶನಿವಾರವೂ ಒಂದೇ ಗೀಟು. ಹುಷಾರಿಲ್ಲವೇನೋ ಅಂತ ಹೆದರಿ ಫೋನ್ ಮಾಡಿದರೆ ನೀನು ನಗುತ್ತಾ, "ನಾನು ಹಸಿರು ಆ್ಯಪ್ ತೆಗೆದುಹಾಕ್ಬುಟ್ಟೆ ಕಣಕ್ಕ, ಈಗ ನೀಲೀಲಿ ಇದೀನಿ" ಅಂದೆ. ಊರು ಬಿಟ್ಟು ಹೋಗುವವರು ಕೂಡ ಪಕ್ಕದ ಮನೆಗೆ ಒಂದು ಮಾತು ಹೇಳಿ ಹೋಗುತ್ತಾರೆ.

ಕೊರಟಗೆರೆಯಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ನನ್ನ ತಮ್ಮ ಲಕ್ಷ್ಮೀಪತಿಯನ್ನು ಕೇಳಿದೆ. "ಹಸಿರಿಂದ ನೀಲಿಗೆ ಮೆಸೇಜು ಹೋಗಾಕಿಲ್ಲ ಕಣಕ್ಕ. ಇಬ್ರೂ ಪೈಪೋಟಿಯೋರು. ನೀನು ಅಲ್ಲಿಗೆ ಹೋಗ್ಬೇಕು, ಇಲ್ಲಾ ಆಯಮ್ಮ ಇಲ್ಲಿಗೆ ಬರ್ಬೇಕು, ಅಂಗೆ" ಅಂದ. ಅಲ್ಲ ಕಣೇ, ಯಾವ ಕಂಪನಿಯ ಸಿಮ್ಮಿನಿಂದ ಯಾವ ಕಂಪನಿಯ ಸಿಮ್ಮಿಗೂ ಫೋನ್ ಹೋಗುತ್ತೆ. ಮಧುಗಿರಿಯ ಡಬ್ಬಕ್ಕೆ ಹಾಕಿದ ಕಾಗದವನ್ನು ಶಿರಾದ ಪೋಸ್ಟ್‌ಮನ್ ತಂದುಕೊಡುತ್ತಾನೆ, ಇದು ಯಾವ ಬಣ್ಣದ ಡಬ್ಬದ್ದು ಅಂತ ಕೇಳುವುದಿಲ್ಲ. ಇವರಿಬ್ಬರಿಗೆ ಮಾತ್ರ ಏನು ಬಂದಿದೆ ದೊಡ್ಡ ರೋಗ? ಸೈಟಿನ ಗೋಡೆಗೆ ಜಗಳವಾಡಿದ ಅಣ್ಣತಮ್ಮಂದಿರ ಹಾಗೆ ಮುಖ ತಿರುಗಿಸಿಕೊಂಡು ಕೂತಿದ್ದಾರೆ, ನಡುವೆ ನಮ್ಮ ಬಾಯಿಗೆ ಬಟ್ಟೆ.

ಫೋನಿನಲ್ಲೇ ಮಾತಾಡು ಅನ್ನಬೇಡ. ನಿನ್ನ ಕೈ ಎರಡೂ ಕಸೂತಿ ಚೌಕಟ್ಟಿನ ಮೇಲಿರುತ್ತವೆ, ಫೋನು ಸ್ಪೀಕರಿನಲ್ಲಿರುತ್ತೆ. ಮೊನ್ನೆ ನಾನು ನನ್ನ ಮಂಡಿನೋವಿನ ವಿಷಯ ಹೇಳಿಕೊಳ್ಳುತ್ತಿದ್ದರೆ ನಡುವೆ ಯಾರೋ ಹೆಂಗಸು "ಅಯ್ಯೋ ಪಾಪಂ" ಅಂದಳು. ಅವಳೇ ತಾನೇ ಇಂದ್ರಮ್ಮ? ಪಾವಗಡದಲ್ಲಿ ದೊಡ್ಡ ಬೊಟಿಕ್ ಇಟ್ಟಿದ್ದಾಳೆ ಅಂದೆಯಲ್ಲ, ಆ ಇಂದ್ರಮ್ಮ? ನನ್ನ ಮಂಡಿಗೆ ಅವಳು ಯಾಕೆ ಪಾಪ ಅನ್ನಬೇಕು?

ಕತ್ತಿಗೂ ತೋಳಿಗೂ ಗುರುತು ಹಾಕಿದ್ದೇನೆ, ಆರಿ ಕಸೂತಿ ಎಂದಿನಂತೆ ಮಾಡು. ಕೊನೆಯ ಮಣಿ ಬಿಡುವುದನ್ನು ಮರೆಯಬೇಡ. ಟೈಲರಿಂಗ್ ಕ್ಲಾಸಿನ ದಿನದಿಂದ ನಡೆದು ಬಂದದ್ದು ಅದು. ನಾನು ಗೆರೆ ಹಾಕುವುದು, ನೀನು ಹೂ ತುಂಬುವುದು, ಒಂದೇ ಒಂದು ಮಣಿಯ ಜಾಗ ಖಾಲಿ ಬಿಟ್ಟು ಕಳಿಸುವುದು, ಅದನ್ನು ನಾನು ಕೂರಿಸಿ ಆಮೇಲೆ ಬಟ್ಟೆಗೆ ಕತ್ತರಿ ಇಡುವುದು. ಇಂದ್ರಮ್ಮನ ಬಟ್ಟೆಗೂ ಹಾಗೆ ಬಿಡುತ್ತೀಯಾ? ಬಿಟ್ಟರೆ ಯಾರು ಕೂರಿಸುತ್ತಾರೆ? ಸುಮ್ಮನೆ ಕೇಳಿದೆ.

ಇನ್ನೂ ನಿನ್ನವಳೇ ಆಗಿದ್ದರೆ, ನಿನ್ನ
ವನಜಾಕ್ಷಿ


ಶಿರಾ
11 ಜುಲೈ 2025

ವನಜಕ್ಕನಿಗೆ ಗುಲ್ಷನ್ ಸಲಾಂ.

ಪಿನ್ನು ಚುಚ್ಚಿತು. ಹೆಬ್ಬೆರಳಿಗೆ. ಸಂತೋಷ ಆಯಿತಾ?

ಕಾಗದ ನೋಡಿ ನಮ್ಮೋರು ಹೆದರಿಬಿಟ್ಟರು. ಕೈಯಲ್ಲಿ ಬರೆದ ಕಾಗದ ಬಂತು ಅಂದರೆ ಯಾರೋ ತೀರಿಕೊಂಡರು ಅಂತಲೇ ಅವರಿಗೆ. ಅಂಗಡಿಯಲ್ಲಿ ಹಾಸಿಗೆಗೆ ಹತ್ತಿ ತುಂಬುತ್ತಿದ್ದವರು ಮೈಗೆಲ್ಲ ಹತ್ತಿ ಅಂಟಿಸಿಕೊಂಡು ಓಡಿಬಂದು "ಕ್ಯಾ ಹುವಾ?" ಅಂದರು. ವನಜಕ್ಕನಿಗೆ ಸಿಟ್ಟು ಬಂದಿದೆ ಅಂದೆ. "ಬಸ್, ಇತ್ತಾಚ್?" ಇಷ್ಟೇನಾ ಅಂತ ವಾಪಸ್ ಹೋದರು. ನಿನ್ನ ಸಿಟ್ಟಿಗೆ ನಮ್ಮ ಮನೆಯಲ್ಲಿ ಇರುವ ಬೆಲೆ ಇಷ್ಟು.

ನನ್ನ ಫೋನಿನ ಯೋಗ್ಯತೆ ನಿನಗೆ ಗೊತ್ತು. ಒಂದನ್ನು ಒಳಗೆ ಕರೆದರೆ ಇನ್ನೊಂದನ್ನು ಹೊರಗೆ ಕಳಿಸಬೇಕು. ಇಂದ್ರಮ್ಮನವರ ಕೆಲಸಗಾರರ ಗುಂಪು ನೀಲಿಯಲ್ಲಿದೆ. ಅಲ್ಲಿ ಅವರು ಡಿಸೈನು ಹಾಕಿದರೆ ಮಣಿ ಮಣಿಯೂ ಎಣಿಸಬಹುದು, ಅಷ್ಟು ಸ್ಪಷ್ಟ. ಆಷಾಢದಲ್ಲಿ ನಿನ್ನ ಕಡೆಯಿಂದ ಬಂದದ್ದು ಒಂದೇ ಗಂಟು. ಅದು ನಿನ್ನ ತಪ್ಪು ಅನ್ನುತ್ತಿಲ್ಲ, ಆಷಾಢದಲ್ಲಿ ಯಾರು ಬ್ಲೌಸ್ ಹೊಲಿಸುತ್ತಾರೆ? ಆದರೆ ಇಂದ್ರಮ್ಮನವರು ಶ್ರಾವಣಕ್ಕೆ ಬೇಕಾದ್ದನ್ನೆಲ್ಲ ಈಗಲೇ ಮಾಡಿಸಿಟ್ಟುಕೊಳ್ಳುತ್ತಾರೆ. ಕೈ ಕಟ್ಟಿಕೊಂಡು ಕೂರುವುದಕ್ಕಿಂತ ವಾಸಿ ಅಂತ ಹೋದೆ.

ಅವರು ಕೆಟ್ಟವರಲ್ಲ ಅಕ್ಕ. ತೆಲುಗು ಕನ್ನಡ ಎರಡನ್ನೂ ಕಲಸಿ ಮಾತಾಡುತ್ತಾರೆ, ನಾವು ಆರಿ ಅನ್ನುವುದನ್ನು ಮಗ್ಗಂ ಅನ್ನುತ್ತಾರೆ. ಮೊನ್ನೆ ಕಾರಿನಲ್ಲಿ ಬಂದು ನನ್ನ ಕೆಲಸ ನೋಡಿ, "ಏಮ್ಮಾ ಗುಲ್ಷನ್, ನಿನ್ ಕೈ ಬಂಗಾರಂ ಕಣಮ್ಮ!" ಅಂತ ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ನನಗೆ ನಾಚಿಕೆಯಾಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ನೀನೂ ನೀಲಿಗೆ ಬಂದುಬಿಡು. ಒಂದು ನಿಮಿಷದ ಕೆಲಸ.

ಗಿಳಿಹಸಿರಿಗೆ ಮಣಿ ಬಿಟ್ಟಿದ್ದೇನೆ, ಎಡತೋಳಿನ ಅಂಚಿನಲ್ಲಿ ನೋಡು. ಇಂದ್ರಮ್ಮನವರ ಬಟ್ಟೆಗೆ ಬಿಡುವುದಿಲ್ಲ. ಬಿಟ್ಟರೆ ಕೆಲಸ ಅರ್ಧಕ್ಕೆ ನಿಂತಿದೆ ಅಂತ ವಾಪಸ್ ಕಳಿಸುತ್ತಾರೆ.

ಹೆಬ್ಬೆರಳಿಗೆ ಪಟ್ಟಿ ಕಟ್ಟಿಕೊಂಡ
ಗುಲ್ಷನ್


ಮಧುಗಿರಿ
26 ಜುಲೈ 2025

ಗುಲ್ಷನ್,

ಬಂಗಾರಂ ಅಂತೆ, ಬಂಗಾರಂ!

ನಾನು ಇಷ್ಟು ವರ್ಷದಲ್ಲಿ ಒಂದು ದಿನವೂ ನಿನ್ನ ಕೈಯನ್ನು ಬಂಗಾರ ಅನ್ನಲಿಲ್ಲ, ನಿಜ. ಹಿಂಬದಿಯಲ್ಲಿ ದಾರ ಸಡಿಲ ಬಿಟ್ಟಾಗ ಬೈದಿದ್ದೇನೆ. ಕುಂದನ್ ಸೊಟ್ಟಗೆ ಅಂಟಿಸಿದಾಗ ಕಿತ್ತು ಕೈಗೆ ಕೊಟ್ಟಿದ್ದೇನೆ. ಆರಿ ಸೂಜಿ ಹಿಡಿಯಲು ಬಾರದೆ ನೀನು ಕ್ಲಾಸಿನ ಮೂಲೆಯಲ್ಲಿ ಕೂತು ಅಳುತ್ತಿದ್ದಾಗ ನನ್ನ ಸೂಜಿಯನ್ನೇ ನಿನಗೆ ಕೊಟ್ಟು, ಕೈ ಮೇಲೆ ಕೈ ಇಟ್ಟು ಕೊಕ್ಕೆ ಹಾಕಿಸಿದವಳು ಯಾರು? ಈಗ ಕಾರಿನಲ್ಲಿ ಬಂದು ಕಣ್ಣಿಗೊತ್ತಿಕೊಳ್ಳುವುದಕ್ಕೆ ಅದೇನು ದೇವಸ್ಥಾನದ ಆರತಿಯೇ?

ನೀಲಿಗೆ ನಾನು ಬರುವುದಿಲ್ಲ. ನನ್ನ ಫೋನಿನಲ್ಲೂ ಜಾಗವಿಲ್ಲ, ಮಧುಗಿರಿಯ ನನ್ನ ಗಿರಾಕಿಗಳೆಲ್ಲ ಹಸಿರಿನಲ್ಲೇ ಇದ್ದಾರೆ. ಒಂದು ನಿಮಿಷದ ಕೆಲಸ ಅಂದೆಯಲ್ಲ, ಆ ಒಂದು ನಿಮಿಷವನ್ನು ನೀನೇ ಈ ಕಡೆ ಖರ್ಚು ಮಾಡು. ನಿಜ ಹೇಳಲಾ? ಅಲ್ಲಿಗೆ ಬಂದರೆ ಇಂದ್ರಮ್ಮನ ಮನೆಗೆ ಹೋಗಿ ಹೊರಗೆ ಚಪ್ಪಲಿ ಬಿಟ್ಟು, ನನ್ನ ಗುಲ್ಷನ್‌ಳನ್ನು ಸ್ವಲ್ಪ ಕರೀತೀರಾ ಅಂತ ಕೇಳಿದ ಹಾಗೆ. ನನ್ನ ಕೈಲಾಗುವುದಿಲ್ಲ. ಹೊಟ್ಟೆಕಿಚ್ಚು ಅನ್ನುತ್ತೀಯಾ? ಅನ್ನು. ಹೊಟ್ಟೆಕಿಚ್ಚೇ.

ಲಕ್ಷ್ಮೀಪತಿ ಒಂದು ದಾರಿ ಹೇಳಿದ್ದಾನೆ. ಅವನ ಫೋನಿನಲ್ಲಿ ಎರಡೂ ಇವೆಯಂತೆ. ನೀನು ನೀಲಿಯಲ್ಲಿ ಅವನಿಗೆ ಕಳಿಸು, ಅವನು ಹಸಿರಿನಲ್ಲಿ ನನಗೆ ದಾಟಿಸುತ್ತಾನೆ. ಅವನಿಗೆ ಅದೊಂದು ದೊಡ್ಡಸ್ತಿಕೆ ಬಂದುಬಿಟ್ಟಿದೆ. "ಎರಡು ಕಂಪ್ನಿ ಕೈಲಾಗ್ದಿದ್ದು ನಾನೊಬ್ನೇ ಮಾಡ್ತೀನಿ ನೋಡಕ್ಕ" ಅನ್ನುತ್ತಾನೆ.

ನಮ್ಮ ಬೀದಿಯ ನೂರೀನ್ ಆರಿ ಕಲಿತು ಬಂದಿದ್ದಾಳೆ. ವರಮಹಾಲಕ್ಷ್ಮಿ ಹಬ್ಬದ ಗಡಿಬಿಡಿಗೆ ಕೆಲವು ತೋಳುಗಳನ್ನು ಅವಳಿಗೆ ಕೊಟ್ಟಿದ್ದೇನೆ. ಚುರುಕು ಹುಡುಗಿ. ಹೆಸರೂ ಎಷ್ಟು ಚೆನ್ನಾಗಿದೆ ಅಲ್ಲವಾ, ನೂರೀನ್.

ಒಳ್ಳೆಯ ಸುದ್ದಿ ಕೊನೆಗೆ ಇಟ್ಟುಕೊಂಡಿದ್ದೆ. ನಮ್ಮ ಅಶ್ವಿನಿಯ ನಿಶ್ಚಿತಾರ್ಥ ಕಾರ್ತಿಕದ ಕೊನೆಯ ಭಾನುವಾರಕ್ಕೆ ಗೊತ್ತಾಯಿತು. ಹುಣಸೆ ಎಲೆ ನೆನಪಿದೆ ತಾನೇ? ಕ್ಲಾಸಿನಲ್ಲಿ ಎಲ್ಲರೂ ನವಿಲು, ಆನೆ ಬರೆದರೆ ನಾನು ಕಿಟಕಿಯಾಚೆಯ ಹುಣಸೆ ಗರಿ ನೋಡಿಕೊಂಡು ಬರೆದೆ. ಟೀಚರ್ ನಕ್ಕರು, ಎಲ್ಲರೂ ನಕ್ಕರು, ನೀನೊಬ್ಬಳು ನಗಲಿಲ್ಲ. ಅದನ್ನು ನನ್ನ ಮಗಳಿಗೆ ಬಿಟ್ಟು ಬೇರೆ ಯಾರಿಗೂ ಹಾಕಬಾರದು ಅಂತ ಅವಳು ಹುಟ್ಟಿದಾಗಲೇ ನಮ್ಮಿಬ್ಬರಲ್ಲಿ ಮಾತಾಗಿದೆ. ನಕ್ಷೆಯ ಹಾಳೆ ನಿನ್ನ ಹತ್ತಿರವೇ ಇದೆ, ಭದ್ರ. ದಸರೆ ಕಳೆದ ಮೇಲೆ ಬಟ್ಟೆ ಕಳಿಸುತ್ತೇನೆ.

ಬಂಗಾರವಲ್ಲದ
ವನಜಾಕ್ಷಿ


ಶಿರಾ
22 ಆಗಸ್ಟ್ 2025

ವನಜಕ್ಕನಿಗೆ ಸಲಾಂ.

ಅಶ್ವಿನಿಯ ಸುದ್ದಿ ಓದಿ ಒಬ್ಬಳೇ ಕೂತು ಅತ್ತೆ. ನಮ್ಮೋರು ಮತ್ತೆ "ಕ್ಯಾ ಹುವಾ" ಅಂತ ಓಡಿ ಬಂದರು. ತೊಟ್ಟಿಲಲ್ಲಿ ಮಲಗಿ ನನ್ನ ಬಳೆ ಬಾಯಿಗೆ ಹಾಕಿಕೊಳ್ಳುತ್ತಿದ್ದ ಮಗು ಅದು.

ಇನ್ನು ನೂರೀನ್ ವಿಷಯ. ಮೈ ಭಾಗ ನನಗೆ ಕಳಿಸುವಾಗ ಬಣ್ಣ ಹೊಂದಿಸು ಅಂತ ಅವಳು ಮಾಡಿದ ತೋಳನ್ನೂ ಜೊತೆಗೆ ಇಟ್ಟಿದ್ದೆಯಲ್ಲ, ಬೇಕು ಅಂತಲೇ ಇಟ್ಟೆ, ನನಗೇನು ಗೊತ್ತಾಗುವುದಿಲ್ಲವೇ? ತಿರುಗಿಸಿ ಹಿಂಬದಿ ನೋಡಿದೆ. ತೌಬಾ! ಗಂಟಿನ ಮೇಲೆ ಗಂಟು. ನಾನು ಅಂಥದ್ದು ಕಳಿಸಿದ್ದರೆ ನೀನು ಅದೇ ರೇಣುಕಯ್ಯನ ಬಸ್ಸಿಗೆ ವಾಪಸ್ ಹಾಕುತ್ತಿದ್ದೆ. ಹೆಸರು ಚೆನ್ನಾಗಿದೆಯಂತೆ. ಹಾಗಾದರೆ ಹೆಸರನ್ನೇ ತೋಳಿಗೆ ಅಂಟಿಸಿ ಗಿರಾಕಿಗೆ ಕೊಡು.

ಅವಳು ಮಣಿ ಬಿಡುತ್ತಾಳಾ? ಬಿಟ್ಟರೆ ನೀನು ಕೂರಿಸುತ್ತೀಯಾ? ಸುಮ್ಮನೆ ಕೇಳಿದೆ.

ನಿನ್ನ ತಮ್ಮ ದಾಟಿಸುವ ಚೆಂದ ನೋಡಿದೆಯಾ? ನಿನ್ನ ಮಂಡಿ ಹೇಗಿದೆ ಅಂತ ಕೇಳಿ ಕಳಿಸಿದೆ. "ಹೊಸ ಡಿಸ್‌ಪ್ಲೇ ಹಾಕಿದ್ದೇನೆ, ಸಂಜೆ ಬಂದು ತಗೊಂಡು ಹೋಗಿ" ಅಂತ ಉತ್ತರ ಬಂತು. ಫೋನ್ ಮಾಡಿ ಕೇಳಿದರೆ, "ಓದಾಕೆ ಕುಂತ್ರೆ ಅಂಗಡಿ ನಡೀತದಾ ಅಕ್ಕಾ? ನಂದೇನಿದ್ರೂ ಅತ್ಲಾಗಿಂದ ಇತ್ಲಾಗೆ ತಳ್ಳೋದು" ಅನ್ನುತ್ತಾನೆ.

ಒಂದು ವಿಷಯ ನಿನಗೆ ಹೇಳದೆ ಇರಲಾರೆ. ಇಂದ್ರಮ್ಮನವರು ಪಾವಗಡಕ್ಕೇ ಬಂದುಬಿಡು ಅನ್ನುತ್ತಿದ್ದಾರೆ. ಅಂಗಡಿಯ ಹಿಂದೆ ದೊಡ್ಡ ಹಾಲ್ ಇದೆ, ಅಲ್ಲಿಯ ಹುಡುಗಿಯರಿಗೆ ನಾನು ಹೇಳಿಕೊಡಬೇಕಂತೆ. ಅವರೇ ಮನೆ ನೋಡಿಕೊಡುತ್ತಾರಂತೆ, ನಮ್ಮೋರ ಹಾಸಿಗೆ ಅಂಗಡಿಗೆ ಜಾಗವನ್ನೂ ಕೊಡುತ್ತಾರಂತೆ. ಆದರೆ ಕೆಲಸ ಅವರೊಬ್ಬರಿಗೇ ಮಾಡಬೇಕು. ನಮ್ಮೋರು ಯೋಚನೆ ಮಾಡು ಅಂದಿದ್ದಾರೆ. ನಾನಿನ್ನೂ ಏನೂ ಹೇಳಿಲ್ಲ.

ನೀನು ಏನಾದರೂ ಹೇಳುತ್ತೀಯಾ?

ಗುಲ್ಷನ್


ಮಧುಗಿರಿ
29 ಸೆಪ್ಟೆಂಬರ್ 2025

ಗುಲ್ಷನ್,

ನೀನು ಕೇಳಿದ್ದಕ್ಕೆ ನಾನು ಒಂದು ತಿಂಗಳು ಉತ್ತರ ಬರೆಯಲಿಲ್ಲ. ಹೋಗು ಅನ್ನಲು ಬಾಯಿ ಬರಲಿಲ್ಲ, ಹೋಗಬೇಡ ಅನ್ನಲು ನಾನ್ಯಾರು ಅನ್ನಿಸಿತು. ನಿನ್ನ ಮನೆ ಬೆಳಗುವುದಾದರೆ ಅಡ್ಡಗಾಲು ಹಾಕಬಾರದು ಅಂತ ದಿನಾ ಬೆಳಗ್ಗೆ ಮಿಷನ್‌ಗೆ ಎಣ್ಣೆ ಬಿಡುವಾಗ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಎಂಥ ಪೆದ್ದಿ ನಾನು.

ನಿನ್ನೆ ಲಕ್ಷ್ಮೀಪತಿ ನಿನ್ನ ಫೋಟೋ ದಾಟಿಸಿದ. ಒಂದು ಮಾತಿಲ್ಲ, ಒಂದು ಅಕ್ಷರವಿಲ್ಲ, ಬರೀ ಫೋಟೋ. ಮಾವಿನಚಿಗುರು ಬಣ್ಣದ ರೇಷ್ಮೆ, ಕತ್ತಿನ ಸುತ್ತ ನನ್ನ ಹುಣಸೆ ಎಲೆ, ಹಿಂದೆ ಗೋಡೆಯ ಮೇಲೆ ಇಂದ್ರಮ್ಮನ ಬೊಟಿಕ್ಕಿನ ಬೋರ್ಡು. ಫೋಟೋ ಮಂಜುಮಂಜಾಗಿತ್ತು, ಆದರೆ ನಾನು ಬರೆದ ಎಲೆ ನನಗೆ ಗೊತ್ತಾಗುವುದಿಲ್ಲವೇ? ಬೋರ್ಡು ಓದಲು ಬರುವುದಿಲ್ಲವೇ?

ಮುಂದೆ ಗಿರಾಕಿ ಅಳತೆ ಕೊಡಲು ಕೈ ಎತ್ತಿಕೊಂಡು ನಿಂತಿದ್ದಳು. ಟೇಪು ಹಿಡಿದುಕೊಂಡು ನಾನು ಹಾಗೇ ನಿಂತುಬಿಟ್ಟೆ. "ಏನಾಯ್ತು ವನಜಕ್ಕ?" ಅಂದಳು. ಏನೂ ಇಲ್ಲ ಅಂದೆ.

ಪಾವಗಡಕ್ಕೆ ಹೋಗಬೇಕಿದ್ದರೆ ಹೋಗಬೇಕಿತ್ತು. ಕೈ ನಿನ್ನದು, ಬಂಗಾರವೋ ಬೆಳ್ಳಿಯೋ, ಎಲ್ಲಿ ಬೇಕಾದರೂ ತೆಗೆದುಕೊಂಡು ಹೋಗು. ಆದರೆ ಎಲೆ ನನ್ನದು. ಅದನ್ನು ಅವಳ ಅಂಗಡಿಯ ಬೊಂಬೆಗೆ ಅಂತ ಹಾಕಿ, ಹೇಗಿದೆ ನೋಡು ಅಂತ ನನಗೇ ಕಳಿಸುತ್ತೀಯಾ? ಮಗಳ ನಿಶ್ಚಿತಾರ್ಥಕ್ಕೆ ನಾನು ನವಿಲು ಹಾಕಿಸಬೇಕೇನೇ ಈಗ?

ಕಳೆದ ಯುಗಾದಿಗೆ ಒಬ್ಬಟ್ಟು ತಿನ್ನಲು ಬಂದಾಗ ನೀನು ಕ್ಲಾಸಿನ ಕಾಲದ ಆ ಸೂಜಿಯನ್ನು ಇಲ್ಲೇ ಮರೆತು ಹೋಗಿದ್ದೆ. ಈ ಗಂಟಿನಲ್ಲಿ ಅದಿದೆ. ಬಟ್ಟೆ ಇಲ್ಲ. ನನ್ನ ಹತ್ತಿರ ನಿನ್ನದು ಅಂತ ಇದ್ದದ್ದು ಅದೊಂದೇ, ತೆಗೆದುಕೋ.

ವನಜಾಕ್ಷಿ, ಟೈಲರ್


ಮಧುಗಿರಿ
16 ಅಕ್ಟೋಬರ್ 2025

ಗುಲ್ಷನ್,

ಇದು ಕೊನೆಯ ಕಾಗದ. ಉತ್ತರ ಬೇಡ.

ಗಂಟು ನಿನಗೆ ಸಿಕ್ಕಿತೋ ಇಲ್ಲವೋ ಅಂತ ರೇಣುಕಯ್ಯನನ್ನು ಕೇಳಿದೆ. "ಕೊಟ್ನಲ್ಲ ಕಣಮ್ಮ, ಆಯಮ್ಮನೇ ಬಸ್‌ಸ್ಟ್ಯಾಂಡಿಗೆ ಬಂದಿದ್ರು. ಅಲ್ಲೇ ಬಿಚ್ಚಿ ನೋಡಿದ್ರು, ಏನೂ ಹೇಳ್ನಿಲ್ಲ, ಹೋದ್ರು" ಅಂದ. ಏನೂ ಅನ್ನಲಿಲ್ಲವಾ? "ಇಲ್ಲ." ಮುಖ ಹೇಗಿತ್ತು? "ನಾನು ಟಿಕೆಟ್ ಹರಿಯೋನಾ ಮುಖ ನೋಡೋನಾ?" ಅಂತ ರೇಗಿದ.

ಅದಾದ ಮೇಲೂ ದಿನಾ ಸಂಜೆ ಬಸ್ಸು ಬರುವ ಹೊತ್ತಿಗೆ ಅಂಗಡಿ ಬಾಗಿಲಿಗೆ ಬಂದು ನಿಲ್ಲುತ್ತೇನೆ. ಗಾಳಿಗೆ ಅಂತ. ಅವನು ಕಿಟಕಿಯಿಂದ ಕೈ ಆಡಿಸಿ ಇಲ್ಲ ಅನ್ನುತ್ತಾನೆ. ನಿನ್ನನ್ನು ಯಾರಪ್ಪಾ ಕೇಳಿದರು ಅಂದುಕೊಂಡು ಒಳಗೆ ಬರುತ್ತೇನೆ.

ನಿಶ್ಚಿತಾರ್ಥಕ್ಕೆ ನೂರೀನ್ ಕೈಯಲ್ಲಿ ಕಮಲದ ಹೂ ಹಾಕಿಸುವುದು ಅಂತ ಮಾಡಿದೆ. ಅಶ್ವಿನಿ, "ಯಾಕಮ್ಮ, ಗುಲ್ಷನ್ ಆಂಟಿ ಹುಣಸೆ ಎಲೆ ಹಾಕ್ಕೊಡ್ತಾರೆ ಅಂತಿದ್ದೆ?" ಅಂದಳು. ಆಂಟಿಗೆ ಪುರುಸೊತ್ತಿಲ್ಲ ಅಂದೆ. ನಿನ್ನ ಮರ್ಯಾದೆ ಕಾಪಾಡಿದ್ದೇನೆ, ಅದನ್ನಾದರೂ ನೆನಪಿಟ್ಟುಕೋ.

ಉತ್ತರ ಬೇಡ ಅಂದೆ ಅಂತ ಬರೆಯದೇ ಇರಬೇಡ.

ವನಜಾಕ್ಷಿ


ಶಿರಾ
28 ಅಕ್ಟೋಬರ್ 2025

ವನಜಾಕ್ಷಿಯವರಿಗೆ,

ಹೌದು, "ಯವರಿಗೆ". ನೀನು ಟೈಲರ್ ಅಂತ ಸಹಿ ಹಾಕಬಹುದು, ನಾನು ಯವರಿಗೆ ಅಂತ ಬರೆಯಬಾರದೇ?

ಬಸ್‌ಸ್ಟ್ಯಾಂಡಿನಲ್ಲೇ ಗಂಟು ಬಿಚ್ಚಿ ಸೂಜಿ ನೋಡಿದೆ. ಕಳ್ಳಿ ಅಂತ ನನ್ನನ್ನು ಯಾರೂ ಅಂದಿರಲಿಲ್ಲ. ಮಾಡದ ತಪ್ಪಿಗೆ ಬೈಸಿಕೊಂಡು ಎಷ್ಟೋ ದಿನ ಚೌಕಟ್ಟಿನ ಮುಂದೆ ಕೂರಲೇ ಇಲ್ಲ. ಫೋಟೋ ಕೆಳಗೆ ಅಷ್ಟೆಲ್ಲ ಬರೆದಿದ್ದೆ, ಓದಿಯೂ ಹೀಗೆ ಬೈದಳಲ್ಲ ಅಂತ ಸಂಕಟ. ಆಮೇಲೆ ನಿನ್ನ ಕಾಗದ ಮತ್ತೆ ತೆಗೆದು ನೋಡಿದೆ. "ಒಂದು ಅಕ್ಷರವಿಲ್ಲ" ಅಂತ ಬರೆದಿದ್ದೀಯ. ಅಲ್ಲಿಗೆ ಅನುಮಾನ ಬಂತು.

ಕೊರಟಗೆರೆ ಬಸ್ಸು ಹತ್ತಿ ನಿನ್ನ ತಮ್ಮನ ಅಂಗಡಿಗೇ ಹೋದೆ. ಅವನು ಏನು ಹೇಳಿದ ಗೊತ್ತಾ? "ಕೆಳ್ಗಡೆ ಉದ್ದಕ್ಕೆ ಬರ್ದಿದ್ರಿ ಅಕ್ಕಾ, ಅದು ಫೋಟೋನ ಚಿಕ್ದು ಮಾಡ್ತಿತ್ತು. ಸ್ಕ್ರೀನ್‌ಶಾಟ್ ಹೊಡ್ದು ಅಕ್ಷರ ಎಲ್ಲಾ ಕತ್ತರಿಸ್ಬುಟ್ಟೆ, ಫೋಟೋ ದೊಡ್ಡದಾಗಿ ಕಾಣ್ಲಿ ಅಂತ." ಟೈಲರಮ್ಮನ ತಮ್ಮ ಅಂದರೆ ಹೀಗೆ. ಅಳತೆ ಇಲ್ಲದೆ ಕತ್ತರಿಸುವವನು.

ನಾನು ಬರೆದಿದ್ದು ನನ್ನ ಫೋನಿನಲ್ಲಿ ಹಾಗೇ ಇದೆ. ನೋಡಿಕೊಂಡು ಇಲ್ಲಿ ಬರೆಯುತ್ತೇನೆ, ಓದು:

"ವನಜಕ್ಕ, ಇದು ನಮ್ಮ ಅಶ್ವಿನಿಗೆ. ಬಟ್ಟೆ ನನ್ನ ಕಡೆಯಿಂದ, ನೀನು ಕಳಿಸಬೇಡ. ಪಾವಗಡಕ್ಕೆ ಬರುವುದಿಲ್ಲ ಅಂತ ಇಂದ್ರಮ್ಮನವರಿಗೆ ಎದುರಿಗೇ ಹೇಳೋಣ ಅಂತ ಬಂದಿದ್ದೆ. ಇಲ್ಲಿ ಬೆಳಕು ಚೆನ್ನಾಗಿತ್ತು, ಒಂದು ಫೋಟೋ ತೆಗೆದೆ. ಕೊನೆಯ ಮಣಿ ಬಿಟ್ಟಿದ್ದೇನೆ, ನೋಡು."

ಬಟ್ಟೆಯನ್ನು ಅಲ್ಲಿಗೆ ತೆಗೆದುಕೊಂಡು ಹೋದದ್ದು ಯಾಕೆ ಅಂತ ನೀನು ಕೇಳೇ ಕೇಳುತ್ತೀಯ. ನಾನು ಯಾಕೆ ಬರುವುದಿಲ್ಲ ಅಂತ ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ, ಅದಕ್ಕೆ ಇದನ್ನು ಬಿಚ್ಚಿ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. ಈ ಡಿಸೈನು ನನಗೆ ಕೊಡು ಅಂದರು. ನನ್ನದಲ್ಲ ಅಂದೆ. ಈ ಮಣಿ ಯಾಕೆ ಬಿಟ್ಟಿದ್ದೀಯ ಅಂದರು. ಅದೂ ನನ್ನದಲ್ಲ ಅಂದೆ. "ಆಯಮ್ಮ ಅದೃಷ್ಟವಂತುರಾಲು" ಅಂತ ಬಟ್ಟೆ ಮಡಿಸಿ ಕೊಟ್ಟರು.

ಆ ಅದೃಷ್ಟವಂತೆ ನನಗೆ ಸೂಜಿ ವಾಪಸ್ ಕಳಿಸಿದಳು!

ಬಟ್ಟೆ ಗಂಟಿನಲ್ಲಿದೆ. ಸೂಜಿಯೂ ಇದೆ, ಇಟ್ಟುಕೋ. ಇನ್ನೊಂದು ಸಲ ಕಳಿಸಿದರೆ ನಮ್ಮೋರಿಗೆ ಕೊಟ್ಟು ಹಾಸಿಗೆ ಹೊಲಿಸಿಬಿಡುತ್ತೇನೆ.

ಗುಲ್ಷನ್


ಮಧುಗಿರಿ
1 ನವೆಂಬರ್ 2025

ಗುಲ್ಷನ್, ನನ್ನವ್ವ,

ಮಣಿ ಕೂರಿಸಿದೆ. ಕಣ್ಣಲ್ಲಿ ನೀರಾಡುತ್ತಿದ್ದರಿಂದ ಮೊದಲು ಬೆರಳಿಗೆ ಚುಚ್ಚಿಕೊಂಡೆ. ನಿನ್ನ ಹೆಬ್ಬೆರಳಿನ ಲೆಕ್ಕ ಚುಕ್ತಾ.

ಲಕ್ಷ್ಮೀಪತಿಗೆ ಫೋನ್ ಮಾಡಿ ಜನ್ಮ ಜಾಲಾಡಿದೆ. ಆದರೆ ಅವನು ಅಕ್ಷರ ಕತ್ತರಿಸಿದ, ನಾನು ನಿನ್ನನ್ನೇ ಕತ್ತರಿಸಿ ಎಸೆಯಲು ಹೋಗಿದ್ದೆ. ತಪ್ಪಾಯಿತು ಕಣೇ. ಇದನ್ನು ಫೋನಿನಲ್ಲಿ ಹೇಳಲಾರೆ, ಸ್ಪೀಕರಿನಲ್ಲಿ ಯಾರಾದರೂ ಪಾಪಂ ಅಂದುಬಿಡುತ್ತಾರೆ.

ನೂರೀನ್‌ಗೆ ಕಮಲ ಬೇಡ ಅಂದೆ. ಅವಳು ನಿನ್ನ ಕೆಲಸ ಮುಟ್ಟಿ ನೋಡಿ, ಹಿಂಬದಿ ತಿರುಗಿಸಿ, "ಇದ್ರಲ್ಲಿ ಗಂಟೇ ಇಲ್ಲ!" ಅಂದಳು. ಕಲಿ ಅಂದೆ.

ಅಶ್ವಿನಿ ಕನ್ನಡಿ ಮುಂದೆ ಹೆಗಲ ಮೇಲೆ ಹಾಕಿಕೊಂಡು ನಿಂತಳು, ಇನ್ನೂ ಹೊಲಿದೇ ಇಲ್ಲ. ನನಗೆ ಕತ್ತರಿ ಇಡಲು ಧೈರ್ಯ ಬರುತ್ತಿಲ್ಲ. ಹಿಂದಿನ ದಿನವೇ ಬಂದುಬಿಡು, ನಿನ್ನೆದುರಿಗೆ ಕತ್ತರಿಸುತ್ತೇನೆ. ನೀನು ಬಾರದೆ ನಿಶ್ಚಿತಾರ್ಥದ ತಟ್ಟೆ ಬದಲಾಯಿಸುವುದಿಲ್ಲ, ಬೀಗರು ಕಾಯಲಿ.

ಇಂದ್ರಮ್ಮ ಬಹಳ ಹೊತ್ತು ನೋಡಿದಳು ಅಂದೆಯಲ್ಲ, ಮುಟ್ಟಿದಳಾ? ಮುಟ್ಟಿದ್ದರೂ ಪರವಾಗಿಲ್ಲ. ಎಲ್ಲಿ ಮುಟ್ಟಿದಳು ಅಂತ ಬಂದಾಗ ತೋರಿಸು.

ನಿನ್ನ
ವನಜ


ಶಿರಾ
9 ಜನವರಿ 2026

ವನಜಕ್ಕನಿಗೆ ಸಲಾಂ.

ನಾನೇ ಮೊದಲು ಬರೆಯುತ್ತಿದ್ದೇನೆ, ಸಿಟ್ಟಿನಲ್ಲಿ.

ಹೊಸ ವರ್ಷದ ಮೊದಲ ವಾರ ನನ್ನ ಫೋನಿನಲ್ಲಿ ಒಂದು ಚೀಟಿ ಬಂತು. ಎರಡೂ ಕಂಪನಿಯವರು ರಾಜಿಯಾಗಿದ್ದಾರಂತೆ, ಸದ್ಯಕ್ಕೆ ಪ್ರಯೋಗವಂತೆ, ಇನ್ನು ನೀಲಿಯಿಂದ ಹಸಿರಿಗೂ ಹಸಿರಿನಿಂದ ನೀಲಿಗೂ ಮೆಸೇಜು ಹೋಗುತ್ತಂತೆ. ಒಪ್ಪಿಗೆಯೇ ಅಂತ ಕೇಳಿತು. ಒಪ್ಪಿಗೆ, ಒಪ್ಪಿಗೆ, ಒಪ್ಪಿಗೆ ಅಂತ ಒತ್ತಿದೆ. ಮೊದಲು ನಿನಗೇ ಕಳಿಸಿದೆ, "ಅಕ್ಕಾ" ಅಂತ. ಎರಡು ಗೀಟು ಬಂತು. ನೀನು "ಹೂಂ" ಅಂದೆ. ನಮ್ಮೋರು ಹಾಸಿಗೆ ಮೇಲೆ ಉರುಳಾಡಿ ನಕ್ಕರು, ಇಷ್ಟು ತಿಂಗಳು ಕಾದದ್ದು ಒಂದು "ಹೂಂ"ಗೋಸ್ಕರವೇ ಅಂತ.

ಇನ್ನು ಗಂಟಿನೊಳಗೆ ಕಾಗದ ಬೇಕಿಲ್ಲ ಅಂದುಕೊಂಡು ಖುಷಿಪಟ್ಟೆ. ಎರಡು ದಿನ.

ಮೂರನೇ ದಿನ ಇಂದ್ರಮ್ಮನವರು ಬಂದರು. ಪಾವಗಡಕ್ಕೆ ಹೋಗಲಿಲ್ಲ ಅಂದರೂ ಅವರ ಒಂದೊಂದು ಕೆಲಸ ಇಲ್ಲೇ ಮಾಡಿಕೊಡುತ್ತಿದ್ದೇನಲ್ಲ. ಫೋನ್ ತೆಗೆದು, "ಚೂಡಮ್ಮ ಗುಲ್ಷನ್, ನಿಮ್ಮ ವನಜಾಕ್ಷಿಗಾರು ಎಷ್ಟು ಚೆನ್ನಾಗಿ ಮಾತಾಡ್ತಾರೆ" ಅಂತ ತೋರಿಸಿದರು. ನೋಡಿದೆ. ಅವರು ನಿನಗೆ ನಮಸ್ಕಾರ ಅಂದಿದ್ದಾರೆ, ನೀನು ಮೂರು ಗುಲಾಬಿ ಕಳಿಸಿದ್ದೀಯ. ಮೂರು! ನನಗೆ "ಹೂಂ".

ಆಮೇಲೆ ಅವರು ಬ್ಲೌಸ್ ಕಟಿಂಗ್ ಮಾಡಿಕೊಡುತ್ತೀರಾ ಅಂತ ಕೇಳಿದ್ದಾರೆ, ನೀನು ಆಗಲಿ ಅಂದಿದ್ದೀಯ. ಮಾಡು, ಬೇಡ ಅನ್ನುವುದಿಲ್ಲ, ಒಳ್ಳೆಯ ಕೆಲಸ ಅದು. ಆದರೆ ಪಾವಗಡದಿಂದ ಮಧುಗಿರಿಗೆ ನೇರ ಬಸ್ಸಿದೆ. ಅವರ ಬಟ್ಟೆ ನಿನಗೆ ಬರುತ್ತೆ, ನಿನ್ನದು ಅವರಿಗೆ ಹೋಗುತ್ತೆ. ನಡುವೆ ಶಿರಾ ಎಲ್ಲಿ ಬಂತು? ನಾನೆಲ್ಲಿ ಬಂದೆ? ಅಲ್ಲಿಯ ಹುಡುಗಿಯರು ಆರಿ ಮಾಡುತ್ತಾರೆ, ಅವರೂ ಒಂದು ಮಣಿ ಬಿಟ್ಟು ಕಳಿಸಿದರೆ? ನಾನೇ ತಾನೇ ಬಟ್ಟೆ ಬಿಚ್ಚಿ ತೋರಿಸಿ ಹೇಳಿಕೊಟ್ಟದ್ದು!

ನಿನ್ನ ನಂಬರು ಅವರಿಗೆ ಹೇಗೆ ಸಿಕ್ಕಿತು ಅಂತ ಕೇಳಿದೆ. ಅಶ್ವಿನಿಯ ನಿಶ್ಚಿತಾರ್ಥದ ಒಬ್ಬಟ್ಟನ್ನು ಅವರಿಗೆ ಕೊಟ್ಟೆನಲ್ಲ, ನಿನ್ನ ಅಂಗಡಿಯ ಕವರಿನಲ್ಲಿ, ಆ ಕವರಿನ ಮೇಲಿತ್ತಂತೆ. ನನ್ನ ತಲೆಯನ್ನು ಯಾವ ಗೋಡೆಗೆ ಚಚ್ಚಿಕೊಳ್ಳಲಿ?

ಈಗ ಎಲ್ಲರಿಗೂ ಎಲ್ಲರೂ ಸಿಗುತ್ತಾರೆ. ಒಳ್ಳೆಯದು. ನೀನು ಅವರಿಗೆ ಗುಲಾಬಿ ಕಳಿಸು, ಮಲ್ಲಿಗೆ ಕಳಿಸು, ಬೇಕಾದರೆ ತೋಟವನ್ನೇ ಕಳಿಸು. ಕಾಗದ ಮಾತ್ರ ಬರೆಯಬೇಡ ಅಕ್ಕ. ಅದೊಂದು ನನಗೆ ಬಿಡು.

ಹೊಟ್ಟೆಕಿಚ್ಚು ಅನ್ನುತ್ತೀಯಾ? ಅನ್ನು.

ಗುಲ್ಷನ್


ಮಧುಗಿರಿ
13 ಜನವರಿ 2026

ಗುಲ್ಷನ್,

ನಿನ್ನ ಕಾಗದ ಓದಿ ನನಗೆ ಎಷ್ಟು ಸಂತೋಷವಾಯಿತು ಅಂದರೆ, ಗಿರಾಕಿಯ ಎದುರಿಗೇ ನಗುತ್ತಾ ಕೂತುಬಿಟ್ಟೆ. ಆರು ತಿಂಗಳು ನಾನು ಉರಿದ ಉರಿ ಹೇಗಿತ್ತು ಅಂತ ಈಗ ಗೊತ್ತಾಯಿತಲ್ಲ, ಸ್ವಲ್ಪ ನೀನೂ ಬೇಯಿ.

ಗುಲಾಬಿಯ ವಿಷಯ. ಬೇರೆ ಆ್ಯಪಿನವರನ್ನು ಒಳಗೆ ಬಿಡಲೇ ಅಂತ ನನ್ನ ಫೋನೂ ಕೇಳಿತು. ನಾನು ಬಾಗಿಲು ತೆರೆದದ್ದು ನಿನಗೆ, ಹಿಂದೆಯೇ ಇಂದ್ರಮ್ಮನೂ ಬಂದಳು. ಬಂದವರನ್ನು ಹೊರಗೆ ನಿಲ್ಲಿಸುವುದು ಹೇಗೆ, ಗುಲಾಬಿ ಒತ್ತಿದೆ. ಗುಲಾಬಿ ಒತ್ತುವುದಕ್ಕೆ ಎಷ್ಟು ಹೊತ್ತು ಬೇಕು? ನಿನಗೆ ಒತ್ತುವುದಲ್ಲ, ಬರೆಯುವುದು. ಅಶ್ವಿನಿ, "ಈಗ ಫೋನಲ್ಲೇ ಹೋಗುತ್ತಲ್ಲಮ್ಮ, ಇದ್ಯಾಕೆ ಇನ್ನೂ?" ಅಂತ ಪೆನ್ನು ಕಿತ್ತುಕೊಳ್ಳಲು ಬಂದಳು. ಕೊಡಲಿಲ್ಲ.

ನಾಳಿದ್ದು ಹಬ್ಬ. ಎಳ್ಳುಬೆಲ್ಲ, ಸಕ್ಕರೆ ಅಚ್ಚು ಗಂಟಿನಲ್ಲಿವೆ, ನಿಮ್ಮೋರಿಗೂ ಕೊಡು. ಕಾಗದ ಬಂದರೆ ಇನ್ನು ಹೆದರಬೇಡಿ ಅಂತ ಹೇಳು.

ಇಂದ್ರಮ್ಮನ ಕಟಿಂಗ್ ಕೆಲಸ ಒಪ್ಪಿಕೊಂಡಿದ್ದೇನೆ. ಆರಿ ಯಾರದ್ದಾದರೂ ಇರಲಿ, ಒಂದು ಮಣಿಯ ಜಾಗ ಖಾಲಿ ಇರಬೇಕು, ಅದನ್ನು ಗುಲ್ಷನ್ ನೋಡಿ ಸರಿ ಅನ್ನಬೇಕು, ಆಮೇಲೆ ನಾನು ಕೂರಿಸುತ್ತೇನೆ ಅಂತ ಹೇಳಿದೆ. "ನೇರ ಬಸ್ಸು ಇದೆ ಕದಮ್ಮಾ, ಶಿರಾ ಸುತ್ತಾಕೊಂಡು ಎಂದುಕು?" ಅಂದಳು. ನನಗೆ ರೇಣುಕಯ್ಯನ ಬಸ್ಸೇ ಅಭ್ಯಾಸ ಅಂದೆ.

ಬಟ್ಟೆ ಕಳಿಸಲು ನನ್ನ ವಿಳಾಸ ಕೇಳಿದಳು. ನಿನ್ನದು ಕೊಟ್ಟಿದ್ದೇನೆ.

ನಿನ್ನ
ವನಜ